ಸೋಯಾ ಅವರೆಗೆ ಟ್ಯೂಬ್‌ಲೈಟು

ನಾನು ಶಾಲೆಯಿಂದ ನಿವೃತ್ತಳಾದ ಮೊದಲ ವರ್ಷ ನಮ್ಮವರು ಗದ್ದೆಯ ಯಾವ ಕೆಲಸವನ್ನೂ ನನಗೆ ಹೇಳಲಿಲ್ಲ. ಎರಡನೆಯ ವರ್ಷವೂ ಹೇಳಲಿಲ್ಲ. ಹೆಂಡತಿ ದಣಿಯಬಾರದೆಂಬ ಪ್ರೀತಿ ಎಂದುಕೊಂಡಿದ್ದೆ. ಅದರ ನಿಜವಾದ ಹೆಸರು ಮುನ್ನೆಚ್ಚರಿಕೆ ಎಂದು ಗೊತ್ತಾದದ್ದು ಮೂರನೆಯ ವರ್ಷ, ನಾನು ಹಸಿ ಸೋಯಾ ಅವರೆ ಬೆಳೆಯಲು ಹೊರಟ ಮೇಲೆ.

ಬೆಳೆಯುವುದರಲ್ಲಿ ಕಷ್ಟವೇನಿದೆ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಸಸ್ಯಗಳು ಆಹಾರ ತಯಾರಿಸುವ ಪಾಠವನ್ನು ಪುಸ್ತಕ ಮುಚ್ಚಿಟ್ಟು ಹೇಳಬಲ್ಲೆ. ಅವರೆ ಬೀಜದ ಚಿತ್ರ ಬರೆದು ಭಾಗಗಳನ್ನು ಗುರುತಿಸಬಲ್ಲೆ. ನಮ್ಮವರೋ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಪತ್ರಹರಿತ್ತು ಎಂಬ ಶಬ್ದವನ್ನು ಒಮ್ಮೆಯೂ ಬಳಸದೆ ನಲವತ್ತು ವರ್ಷ ಭತ್ತ ಬೆಳೆದಿದ್ದಾರೆ. ಹಾಗಿದ್ದ ಮೇಲೆ ನಾನು ಎಷ್ಟು ಬೆಳೆಯಬಹುದು ಎಂದು ನೀವೇ ಲೆಕ್ಕ ಹಾಕಿ. ನಾನೂ ಹಾಗೆಯೇ ಲೆಕ್ಕ ಹಾಕಿದ್ದೆ.

ಇದಕ್ಕೆಲ್ಲ ಮೂಲ ನನ್ನ ತಮ್ಮ ಸುಧಾಕರ. ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದಾನೆ. ದೀಪಾವಳಿಗೆ ಕೋಟದ ನಮ್ಮ ಮನೆಗೆ ಬಂದವನು ಐಸಿನ ಡಬ್ಬಿಯಲ್ಲಿ ಒಂದು ಪೊಟ್ಟಣ ತಂದಿದ್ದ. ಒಳಗೆ ಅವರೆಕಾಯಿಯಂಥ ಹಸಿರು ಕೋಡು, ಮೈಮೇಲೆ ಸಣ್ಣ ರೋಮ. ತಾನೇ ಅಡುಗೆಮನೆಗೆ ನುಗ್ಗಿ ಉಪ್ಪುನೀರಿನಲ್ಲಿ ಬೇಯಿಸಿ ತಟ್ಟೆಗೆ ಸುರಿದ. ಕೋಡನ್ನು ಹಲ್ಲಿನ ನಡುವೆ ಇಟ್ಟು ಎಳೆದರೆ ಕಾಳು ಬಾಯೊಳಗೆ, ಸಿಪ್ಪೆ ಕೈಯಲ್ಲಿ. ಹಸಿ ನೆಲಗಡಲೆ ಬೇಯಿಸಿ ತಿಂದ ಹಾಗೆ, ಆದರೆ ಅದಕ್ಕಿಂತ ಮೆತ್ತಗೆ, ಒಂಚೂರು ಸಿಹಿ. ನಮ್ಮವರು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡು ಹತ್ತು ನಿಮಿಷ ಜಗಿದರು.

"ಹ್ಯಾಂಗಿತ್ತ್ ಭಾವ?" ಎಂದು ಸುಧಾಕರ ಕೇಳಿದ.

"ನಾರ್ ಒಂಚೂರ್ ಜಾಸ್ತಿ," ಎಂದರು ನಮ್ಮವರು.

ಅದನ್ನು ತಿನ್ನುವ ಕ್ರಮ ಕಲಿಸಿದ ಮೇಲೆ ಸುಧಾಕರ ವಿಷಯಕ್ಕೆ ಬಂದ. "ಇದ್ ಹಸಿ ಸೋಯಾ ಅವರೆ ಅಕ್ಕಾ. ಈಗ ನಮ್ಮ ಹೋಟ್ಲಿಗೆ ಬಪ್ಪರೆಲ್ಲ ಇದನ್ನೇ ಕೇಳ್ತ್ರ್. ಫಾರಿನ್ನಿಂದ ಐಸಲ್ಲಿ ಬಪ್ಪುದ್. ನಮ್ಮ ಊರಲ್ಲ್ ಇದನ್ನ ಬೆಳೆಯುಕೆ ಆತಿಲ್ಯಾ?"

"ಎಂತಕೆ ಆತಿಲ್ಲೆ? ನಾನ್ ಬೆಳೀತೆ," ಎಂದೆ.

"ನೀನಾ?"

ಹಾಗೆ ಕೇಳಿದ್ದು ತಮ್ಮನಲ್ಲ, ನಮ್ಮವರು. ಆ ಒಂದು ಶಬ್ದಕ್ಕಾಗಿ ನಾನು ಸೋಯಾ ಬೆಳೆದೆ. ಇಲ್ಲವಾದರೆ ಬಿಟ್ಟುಬಿಡುತ್ತಿದ್ದೆನೋ ಏನೋ.

ಸುಧಾಕರನಿಗೆ ಮಾತ್ರ ಉತ್ಸಾಹ. ಫೆಬ್ರವರಿಯಲ್ಲಿ ಕೋಟೇಶ್ವರದಲ್ಲಿ ಒಂದು ಮದುವೆಗೆ ಮತ್ತೆ ಊರಿಗೆ ಬರುವವನಿದ್ದ. "ಆಗ ಒಂದ್ ಪ್ಲೇಟ್ ತೋರ್ಸ್ ಅಕ್ಕಾ. ಲಾಯ್ಕ್ ಇದ್ರೆ ಬಪ್ಪ ವರ್ಷ ಎಷ್ಟ್ ಬೆಳದ್ರೂ ನಾನೇ ತಕಂತೆ," ಎಂದು ಮಾತು ಕೊಟ್ಟ. ಅವನ ಪರಿಚಯದವರು ಯಾರೋ ಒಂದು ಚಳಿ ದೇಶದಿಂದ ತಂದುಕೊಟ್ಟ ಬೀಜದ ಎರಡು ಪೊಟ್ಟಣ ಕೊರಿಯರಿನಲ್ಲಿ ಬಂದವು. ಪೊಟ್ಟಣದ ಮೇಲಿನ ಚಿತ್ರದಲ್ಲಿ ಗಿಡ ಸೊಂಟದೆತ್ತರ ಇತ್ತು. ಪಕ್ಕದಲ್ಲಿ ಕೆಂಪು ಕೆನ್ನೆಯ ಒಬ್ಬ ಹೆಂಗಸು ನಗುತ್ತ ನಿಂತಿದ್ದಳು. ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡು ನೋಡಿದೆ. ಚೆನ್ನಾಗಿ ಕಾಣಿಸಿತು.

ಈಗ ಗದ್ದೆಯ ಪ್ರಶ್ನೆ. ನಮ್ಮಲ್ಲಿ ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ಪಸೆಗೆ ಉದ್ದು ಬಿತ್ತುವುದು ಕ್ರಮ. ರಸ್ತೆ ಬದಿಯ ಗದ್ದೆ ಅದಕ್ಕೆಂದೇ ಇರುವುದು. ಅದರಲ್ಲಿ ನಮ್ಮವರು ಬಿತ್ತುವ ಉದ್ದು ಅಂಗಡಿಯ ಬೀಜದ್ದಲ್ಲ. ನಮ್ಮ ಅತ್ತೆ ಮದುವೆಯಾಗಿ ಬರುವಾಗ ಬೈಂದೂರಿನ ಕಡೆಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜ. ಸಣ್ಣ ಕಾಳು, ಮಸಿಯಂಥ ಕಪ್ಪು, ರುಬ್ಬಿದರೆ ಪಾತ್ರೆ ಮೀರಿ ಉಕ್ಕುತ್ತದೆ. ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವರ ಕೈಯಿಂದ ಬಂದದ್ದರಲ್ಲಿ ಈ ಮನೆಯಲ್ಲಿ ಇನ್ನೂ ಜೀವಂತ ಇರುವುದು ಆ ಬೀಜ ಮತ್ತು ನಮ್ಮವರು, ಎರಡೇ. ಪ್ರತಿವರ್ಷ ಬಿತ್ತಿ, ಕೊಯ್ದು, ಬೂದಿ ಬೆರೆಸಿ ಮಡಕೆಯಲ್ಲಿ ಕಟ್ಟಿಟ್ಟು, ಮರುವರ್ಷ ಬಿತ್ತಬೇಕು. ಒಂದು ವರ್ಷ ತಪ್ಪಿದರೆ ಹುಳ ಹಿಡಿದು ಬೀಜ ಸತ್ತೇ ಹೋಗುತ್ತದೆ.

ಆ ಗದ್ದೆ ಬೇಕೆಂದು ನಾನು ಕೇಳಿದಾಗ ನಮ್ಮವರು ಮೊದಲು ಅಟ್ಟದ ಮೇಲಿನ ಬೀಜದ ಮಡಕೆ ನೋಡಿದರು. ಆಮೇಲೆ ಹೇಳಿದರು: "ನೀ ಎಂತ ಬೇಕಾರೂ ಹಾಕ್ ಮಾರಾಯ್ತಿ. ಉದ್ದ್ ಮಾತ್ರ ಬಿಡುಕಾತಿಲ್ಲೆ. ಅಮ್ಮನ್ ಬೀಜ ಹೋರೆ ಮತ್ತೆ ಎಲ್ಲಿಂದ ತಪ್ಪುದ್?"

ಕೊನೆಗೆ ರಾಜಿಯಾಯಿತು. ಗದ್ದೆಯ ಮೇಲಿನ ಅರ್ಧ ನನ್ನ ಸೋಯಾಕ್ಕೆ, ಕೆಳಗಿನ ಅರ್ಧ ಅವರ ಉದ್ದಿಗೆ. ಒಬ್ಬರ ಆಡಳಿತದಲ್ಲಿ ಇನ್ನೊಬ್ಬರು ಕೈಹಾಕುವಂತಿಲ್ಲ ಎಂಬ ಷರತ್ತನ್ನು ನಾನೇ ಹಾಕಿದೆ. ಅದನ್ನು ಮುರಿದವಳೂ ನಾನೇ ಎಂಬುದು ಮುಂದೆ ಗೊತ್ತಾಗುತ್ತದೆ.

ಬಿತ್ತನೆಯ ಹಿಂದಿನ ದಿನ ನಾನು ಮೊದಲನೆಯ ಪೊಟ್ಟಣದ ಬೀಜವನ್ನೆಲ್ಲ ದೊಡ್ಡ ಪಾತ್ರೆಗೆ ಸುರಿದು ತುಂಬ ನೀರು ಹಾಕಿ ನೆನೆಯಲಿಟ್ಟೆ. ಯಾಕೆ ಎಂದು ಕೇಳಬೇಡಿ. ಈ ಮನೆಗೆ ಬಂದಾಗಿನಿಂದ ಕಾಳು ಕೈಗೆ ಬಂದರೆ ನೀರಿಗೆ ಹಾಕಿಯೇ ಅಭ್ಯಾಸ. ಉದ್ದು, ಕಡಲೆ, ಹೆಸರು, ಯಾವುದನ್ನೂ ನಾನು ಒಣಗಿದ್ದು ಒಣಗಿದ ಹಾಗೆ ಬಿಟ್ಟವಳಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸೋಯಾ ಉಬ್ಬಿ ಎರಡರಷ್ಟಾಗಿ, ಸಿಪ್ಪೆ ಬಿಚ್ಚಿ, ಬೇಳೆ ಬೇರೆ ಬೇರೆಯಾಗಿ, ನೊರೆ ಕಟ್ಟಿ ಕೂತಿತ್ತು. ನಮ್ಮವರು ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಇದನ್ ಬಿತ್ತೂದಾ, ಅರೆಯೂದಾ?"

ನಾನು ಪಾತ್ರೆ ಎತ್ತಿಕೊಂಡು ಹಟ್ಟಿಗೆ ಹೋದೆ. ಚಳಿ ದೇಶದ ಬೀಜದ ಅರ್ಧ ಪಾಲು ನಮ್ಮ ದನದ ಹೊಟ್ಟೆ ಸೇರಿತು. ಅದಕ್ಕೆ ಮಾತ್ರ ಆ ದಿನ ಬಹಳ ಖುಷಿಯಾಗಿತ್ತು.

ಉಳಿದ ಒಂದು ಪೊಟ್ಟಣವನ್ನು ನಾನು ಶಾಸ್ತ್ರೋಕ್ತವಾಗಿ ಬಿತ್ತಿದೆ. ದಾರ ಕಟ್ಟಿದೆ. ಅಡಿಪಟ್ಟಿ ಇಟ್ಟೆ. ಸಾಲಿನಿಂದ ಸಾಲಿಗೆ ಇಷ್ಟು, ಗಿಡದಿಂದ ಗಿಡಕ್ಕೆ ಇಷ್ಟು ಎಂದು ಮಂಡಿಯೂರಿ ಅಳೆದು ಅಳೆದು ಹಾಕಿದ್ದಕ್ಕೆ ಎರಡು ದಿನ ಹಿಡಿಯಿತು, ಮೂರನೆಯ ದಿನ ಸೊಂಟ ಹಿಡಿಯಿತು. ನಮ್ಮವರು ಬುಟ್ಟಿಯಲ್ಲಿ ಉದ್ದು ತಕ್ಕೊಂಡು, ರಸ್ತೆಯಲ್ಲಿ ಹೋಗುವವರೊಡನೆ ಮಾತಾಡುತ್ತಲೇ, ಕೈಬೀಸಿ ಬೀಸಿ ಚೆಲ್ಲಿ ಕಾಲು ಗಂಟೆಯಲ್ಲಿ ಮುಗಿಸಿದರು. ಹೀಗೆ ಅಶಿಸ್ತಿನಿಂದ ಬಿತ್ತಿದರೆ ಏನು ಬೆಳೆದೀತು ಎಂದು ನನಗೆ ಕನಿಕರವೇ ಆಯಿತು.

ಮೊಳಕೆ ಬಂತು. ದಿನವೂ ಬೆಳಿಗ್ಗೆ ಹೋಗಿ ಹಾಜರಿ ತೆಗೆದುಕೊಳ್ಳುತ್ತಿದ್ದೆ. ನವಿಲು ಕುಕ್ಕಿದವಕ್ಕೆ ಗೈರುಹಾಜರಿ ಹಾಕಿ, ಉಳಿದವಕ್ಕೆ ಸುತ್ತ ಹಳೆಯ ಸೀರೆ ಕಟ್ಟಿದೆ. ಹೀಗೆ ನಾಲ್ಕು ವಾರ ಕಳೆಯುವುದರೊಳಗೆ ಒಂದು ದಿನ ನೋಡುತ್ತೇನೆ, ಗಿಡದಲ್ಲಿ ಹೂ! ಗಿಡ ಇದ್ದದ್ದು ಒಂದು ಗೇಣು. ಆದರೇನು, ಸಣ್ಣ ಸಣ್ಣ ಬಿಳಿ ಹೂ. ಉದ್ದು ಇನ್ನೂ ಎಲೆ ಬಿಡುತ್ತ ಮಂದಗತಿಯಲ್ಲಿತ್ತು. ನನ್ನ ಸೋಯಾ ಆಗಲೇ ಹೂವಿನ ಹಂತಕ್ಕೆ ಬಡ್ತಿ ಪಡೆದಿತ್ತು. ಕೂಡಲೇ ಸುಧಾಕರನಿಗೆ ಫೋನು ಮಾಡಿದೆ. ಹಾಲು ಕೊಳ್ಳಲು ಬರುವವಳಿಗೆ ಹೇಳಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ, ಕೊಲ್ಲೂರಿಗೆ ಹೊರಟಿದ್ದ ಅಪರಿಚಿತ ಹೆಂಗಸಿಗೂ ಹೇಳಿದೆ.

ನಮ್ಮವರು ಮಾತ್ರ ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ ತಲೆ ಆಡಿಸಿದರು.

"ಇಷ್ಟ್ ಬೇಗ ಹೂ ಬಪ್ಪುದ್ ಒಳ್ಳೆದಲ್ಲ, ಟೀಚ್ರೆ."

ಕೋಪ ಬಂದಾಗಲೂ ತಮಾಷೆ ಮಾಡುವಾಗಲೂ ಅವರು ನನ್ನನ್ನು ಟೀಚ್ರೆ ಎನ್ನುತ್ತಾರೆ. ಯಾವುದು ಯಾವಾಗ ಎಂದು ತಿಳಿಯಲು ನನಗೆ ಇಷ್ಟು ವರ್ಷ ಸಾಲಲಿಲ್ಲ.

"ನಿಮ್ಗೆ ಹೊಟ್ಟೆಕಿಚ್ಚ್," ಎಂದೆ.

ನನ್ನ ಹಳೆಯ ವಿದ್ಯಾರ್ಥಿನಿ ಶ್ವೇತಾ ಈಗ ಕೃಷಿ ಅಧಿಕಾರಿ. ನನ್ನ ಸಾಧನೆಯ ಒಂದು ಫೋಟೋ ತೆಗೆದು ನಾಲ್ಕು ಜನಕ್ಕೆ ತೋರಿಸಲಿ ಎಂದು ಅವಳನ್ನು ಕರೆಸಿದೆ. ಬಂದವಳು ಫೋಟೋ ತೆಗೆಯಲಿಲ್ಲ. ಗಿಡ ನೋಡಿದಳು, ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು. ಐದನೆಯ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗ ಅವಳ ಮುಖ ನಾನು ಹೀಗೆಯೇ ನೋಡುತ್ತಿದ್ದೆ.

"ಟೀಚರ್, ಇದ್ ಚಳಿ ದೇಶದ್ದ್. ಅಲ್ಲಿ ಬೆಳೆ ಸಮಯದಲ್ಲ್ ರಾತ್ರಿ ಒಂಬತ್ತಾದ್ರೂ ಬೆಳಕಿರ್ತ್. ಇಲ್ಲಿ ಈಗ ಆರಕ್ಕೇ ಕತ್ಲೆ. ಹಗಲು ಗಿಡ್ಡ ಆದ್ರೆ ಈ ಗಿಡ ತನ್ನ ಕಾಲ ಮುಗೀತ್ ಅಂದ್ಕಂಡ್ ಗಡಿಬಿಡಿಯಲ್ಲ್ ಹೂ ಬಿಡ್ತ್. ಇನ್ನ್ ಎತ್ತರ ಆತಿಲ್ಲೆ. ನಮ್ಮ ಬದಿಗೆ ಹೊಂದುವ ತಳಿ ಬೇರೆ ಇತ್ತ್. ಬಿತ್ತುಕ್ ಮೊದ್ಲ್ ಒಂದ್ ಮಾತ್ ಕೇಳುಕಾಗಿತ್ತ್."

ಗೊತ್ತಿಲ್ಲದಿದ್ದರೆ ಕೇಳಿ ಮಕ್ಕಳೇ ಎಂದು ಅವಳಿಗೆ ಹೇಳಿಕೊಟ್ಟವಳು ನಾನು. ಅವಳು ಅದನ್ನು ನೆನಪಿಸಲಿಲ್ಲ. ಒಳ್ಳೆಯ ಹುಡುಗಿ.

"ಬೆಳಕ್ ಕೊಟ್ರೆ?" ಎಂದು ಕೇಳಿದೆ.

"ಮೊದ್ಲೇ, ಹೂ ಬಪ್ಪುಕ್ ಮುಂಚೆ, ಸಂಜೆ ಲೈಟ್ ಹಾಕಿದ್ರೆ ಬೆಳೀತಿತ್ತೇನೋ. ಆದ್ರೆ ಈಗ..." ಎಂದು ಅವಳು ಏನೋ ಹೇಳುತ್ತಿದ್ದಳು.

ಆ ಏನೋ ಎಂಬುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳ ಕಿವಿ ಹಿಂಡಿದವಳು, ಅವಳ ಸ್ಕೂಟರು ತಿರುವು ದಾಟುವ ಮೊದಲೇ ಶಾಮಿಯಾನದ ರಮೇಶನಿಗೆ ಫೋನು ಹಚ್ಚಿದ್ದೆ.

ರಮೇಶ ನಮ್ಮ ಕಡೆಯ ಮದುವೆ, ಮುಂಜಿ, ಆಟ, ಸಭೆ ಎಲ್ಲಕ್ಕೂ ಲೈಟು ಹಾಕುವವನು. ಗದ್ದೆಯ ನಾಲ್ಕು ಮೂಲೆಗೆ ಬಿದಿರು ನೆಟ್ಟು ಉದ್ದುದ್ದ ಟ್ಯೂಬ್‌ಲೈಟು ಕಟ್ಟಿದ. ನಡುವೆ ಒಂದು ದೊಡ್ಡ ಫೋಕಸ್ ಲೈಟು ನಿಲ್ಲಿಸಿದ. ಬಿಳಿ ಟ್ಯೂಬು ಸಾಲದೆ ನಾಲ್ಕು ಕೆಂಪು, ನಾಲ್ಕು ಹಸಿರು ಸೇರಿಸಿದ. ಕೊನೆಗೆ ಮೈಕು ಎಲ್ಲಿ ಇಡುವುದು ಎಂದು ಕೇಳಿದ.

"ಮೈಕ್ ಬ್ಯಾಡ ರಮೇಶ. ಇದ್ ಗಿಡಕ್ಕೆ."

"ಅಡ್ಡಿಲ್ಲೆ ಟೀಚ್ರೆ, ಮೈಕ್ ಫ್ರೀ ಕೊಡ್ತೆ," ಎಂದ ಅವನು. ನನ್ನ ಉತ್ತರ ಅವನ ತಲೆಗೆ ಹೋಗಿರಲಿಲ್ಲ.

ಸಂಜೆ ಆರಕ್ಕೆ ಸ್ವಿಚ್ಚು ಹಾಕಿದೆ. ಕೊಯ್ಲಾದ ಗದ್ದೆಗಳ ನಡುವೆ ನಮ್ಮ ಗದ್ದೆಯೊಂದು ಜಗಜಗ ಹೊಳೆಯಿತು. ನನಗೇ ಕಣ್ಣು ತುಂಬಿ ಬಂತು. ಏಳು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಸೀನಣ್ಣ ತಲೆಗೆ ಶಾಲು ಸುತ್ತಿ, ಕಂಕುಳಲ್ಲಿ ಚಾಪೆ ಇಟ್ಟುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದ.

ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಊರಿನಲ್ಲಿ ಸುಗ್ಗಿ ಮುಗಿದ ಗದ್ದೆಯಲ್ಲಿ ಸಂಜೆ ಟ್ಯೂಬ್‌ಲೈಟು ಹತ್ತಿತು ಎಂದರೆ ಅಲ್ಲಿ ಯಕ್ಷಗಾನ ಬಯಲಾಟ ಇದೆ ಎಂದೇ ಅರ್ಥ. ಆಟಕ್ಕೆ ಯಾರೂ ಕರೆಯಬೇಕಾಗಿಲ್ಲ. ಲೈಟು ಕಂಡರೆ ಜನ ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ಇದು ಗೊತ್ತಿಲ್ಲದ ಒಬ್ಬರೂ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ತಾಲೂಕಿನಲ್ಲಿ ಸಿಗಲಾರರು. ನನಗೂ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ.

"ಹ್ವಾಯ್ ಟೀಚ್ರೆ, ಯಾವ ಮೇಳ?" ಎಂದ ಸೀನಣ್ಣ.

"ಮೇಳ ಇಲ್ಲೆ ಸೀನಣ್ಣ. ಇದ್ ಸೋಯಾ ಅವರೆ."

"ಹೊಸ ಪ್ರಸಂಗವಾ?"

ಅಷ್ಟರಲ್ಲಿ ಇನ್ನೂ ಹತ್ತು ಜನ ಬಂದರು. ಟೀಚರು ರಿಟೈರ್ ಆದದ್ದಕ್ಕೆ ಹರಕೆಯ ಆಟ ಆಡಿಸುತ್ತಿದ್ದಾರೆ ಎಂದು ಸುದ್ದಿಯಾಗಿತ್ತು. ಮುಂದೆ ಕೂತರೆ ಚೆನ್ನಾಗಿ ಕಾಣುತ್ತದೆಂದು ಕೆಲವರು ಗದ್ದೆಯ ಅಂಚಿನಲ್ಲೇ ಚಾಪೆ ಹಾಸಿದರು. ರಸ್ತೆ ಬದಿಗೆ ಚುರುಮುರಿ ಗಾಡಿಯೊಂದು ಬಂದು ನಿಂತು ಗ್ಯಾಸ್‌ಲೈಟು ಹಚ್ಚಿತು. ಏಳೂವರೆಗೆ ಎಣಿಸಿದರೆ ಇಪ್ಪತ್ತೆರಡು ಜನ. ಹರಕೆ ಆಟಕ್ಕೆ ಬಂದವರನ್ನು ಬಾಯಾರಿಕೆ ಕೇಳದೆ ಕಳಿಸುವ ಕ್ರಮ ಇಲ್ಲ. ಆಟವೇ ಇಲ್ಲದಿದ್ದರೂ ಚಹಾ ಮಾಡಬೇಕಾಯಿತು.

ಚಹಾ ಕೊಟ್ಟ ಮೇಲೆ ನನ್ನೊಳಗಿನ ಟೀಚರು ಎದ್ದು ನಿಂತಳು. ಇಷ್ಟು ಜನ ಸಾಲಾಗಿ, ಮೌನವಾಗಿ ಕೂತದ್ದನ್ನು ಕಂಡು ಎರಡು ವರ್ಷವಾಗಿತ್ತು. ಒಂದು ತೆಂಗಿನಕಾಯಿ ತರಿಸಿ ಅದನ್ನು ಭೂಮಿ ಮಾಡಿದೆ, ಫೋಕಸ್ ಲೈಟನ್ನು ಸೂರ್ಯ ಮಾಡಿದೆ. ಚಳಿ ದೇಶದಲ್ಲಿ ಹಗಲು ಯಾಕೆ ಉದ್ದ, ನಮ್ಮಲ್ಲಿ ಯಾಕೆ ಗಿಡ್ಡ, ಗಿಡಕ್ಕೆ ಅದು ಹೇಗೆ ತಿಳಿಯುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲರೂ ಬಾಯಿ ತೆರೆದು ಕೇಳಿದರು. ನನ್ನ ವೃತ್ತಿಜೀವನದ ಅತ್ಯುತ್ತಮ ಪಾಠ ಅದು ಎಂದು ಈಗಲೂ ಹೇಳುತ್ತೇನೆ. ಕೊನೆಗೆ, ಪ್ರಶ್ನೆ ಇದ್ದರೆ ಕೇಳಿ ಎಂದೆ.

ಸೀನಣ್ಣ ಕೈ ಎತ್ತಿದ. "ಎಲ್ಲ ಲಾಯ್ಕಾಯ್ತ್ ಟೀಚ್ರೆ. ಚೆಂಡೆ ಎಷ್ಟೊತ್ತಿಗೆ?"

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕದ್ದು ಕೇಳಿಸಿತು. ನೋಡಿದರೆ ನಮ್ಮವರು, ಪ್ರೇಕ್ಷಕರ ನಡುವೆ ಕೂತು ಚುರುಮುರಿ ತಿನ್ನುತ್ತಿದ್ದರು.

ಮರುದಿನ "ಇಂದು ಆಟ ಇಲ್ಲ" ಎಂದು ಒಂದು ಬೋರ್ಡು ತೂಗುಹಾಕಿದೆ. ಹಾಗಾದರೆ ನಾಳೆ ಇದೆ ಎಂದು ಜನ ಅರ್ಥ ಮಾಡಿಕೊಂಡರು. ಒಂದು ವಾರದ ಮೇಲೆ ಊರಿಗೆ ಅಭ್ಯಾಸವಾಯಿತು. ನಾನು ಬಿಡದೆ ಮೂರು ವಾರ, ದಿನವೂ ಆರರಿಂದ ಒಂಬತ್ತೂವರೆ ತನಕ ಲೈಟು ಹಾಕಿದೆ. ಸೋಯಾ ಒಂದು ಬೆರಳು ಸಹ ಮೇಲೆ ಏಳಲಿಲ್ಲ. ಒಮ್ಮೆ ಹೂ ಬಿಟ್ಟಾದ ಮೇಲೆ ಬೆಳಕು ಕೊಟ್ಟು ಉಪಯೋಗವಿಲ್ಲ ಎಂಬುದೇ ಶ್ವೇತಾ ಹೇಳಲು ಹೊರಟ ಆ ಏನೋ ಆಗಿತ್ತು. ಗಿಡದ ಬದಲು ಹುಳಗಳು ಬೆಳೆದವು. ಊರಿನ ಹಾತೆ, ಚಿಟ್ಟೆ, ತಿಗಣೆ ಜಾತಿಯವೆಲ್ಲ ಲೈಟಿಗೆ ಬಂದು, ಬಂದ ತಪ್ಪಿಗೆ ನನ್ನ ಕೋಡುಗಳಲ್ಲಿ ಊಟ ಮುಗಿಸಿ ಹೋಗುತ್ತಿದ್ದವು.

ಸೋಯಾದ ಚಿಂತೆಯಲ್ಲಿ ನಾನು ಕೆಳಗಿನ ಅರ್ಧವನ್ನು ನೋಡಿರಲೇ ಇಲ್ಲ. ಸಂಕ್ರಾಂತಿ ಕಳೆದು ವಾರವಾದ ಮೇಲೆ ಒಂದು ಬೆಳಿಗ್ಗೆ ನಮ್ಮವರು ಉದ್ದಿನ ನಡುವೆ ಸುಮ್ಮನೆ ನಿಂತದ್ದು ಕಂಡು ಹತ್ತಿರ ಹೋದೆ. ಉದ್ದು ಮೊಣಕಾಲು ದಾಟಿ, ಕಡು ಹಸಿರಾಗಿ, ದಟ್ಟವಾಗಿ ಬೆಳೆದಿತ್ತು. ಅಂಥ ಉದ್ದಿನ ಗಿಡ ನಾನು ಕಂಡಿರಲಿಲ್ಲ.

"ಎಷ್ಟ್ ಲಾಯ್ಕ್ ಬಂದಿತ್ತ್ ಕಾಣಿ," ಎಂದೆ.

"ಹೂ ಎಲ್ಲಿತ್ತ್?" ಎಂದರು ನಮ್ಮವರು.

ಬಗ್ಗಿ ನೋಡಿದೆ. ಸಂಕ್ರಾಂತಿಯ ಹೊತ್ತಿಗೆ ಗದ್ದೆ ತುಂಬ ಹಳದಿ ಹೂ ಇರಬೇಕಾದ ಬೆಳೆ ಅದು. ಒಂದೂ ಇರಲಿಲ್ಲ. ಎಲೆ ಸರಿಸಿ, ಬುಡ ಹುಡುಕಿ, ಗಿಡದಿಂದ ಗಿಡಕ್ಕೆ ಹೋದೆ. ಇಲ್ಲ. ನಮ್ಮವರು ನನ್ನನ್ನು ಬೈಯಲಿಲ್ಲ, ಟೀಚ್ರೆ ಎಂದೂ ಕರೆಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಶ್ವೇತಾಳಿಗೆ ಫೋನು ಮಾಡಿದೆ. ಈ ಸಲ ಅವಳ ಮಾತನ್ನು ಕೊನೆಯ ಅಕ್ಷರದವರೆಗೆ ಕೇಳಿಸಿಕೊಂಡೆ. ಉದ್ದು ಕೂಡ ಗಿಡ್ಡ ಹಗಲು ಕಂಡ ಮೇಲೆಯೇ ಹೂ ಬಿಡುವ ಬೆಳೆ. ನನ್ನ ಟ್ಯೂಬ್‌ಲೈಟು ಹಗಲನ್ನು ಉದ್ದ ಮಾಡಿತ್ತು. ಹೂ ಬಿಡುವ ಕಾಲ ಇನ್ನೂ ಬಂದಿಲ್ಲವೆಂದು ತಿಳಿದು ಅದು ಎಲೆ ಬಿಡುತ್ತಲೇ ಇತ್ತು. ಲೈಟು ಯಾರಿಗೆ ಬೇಕಿತ್ತೋ ಅವರಿಗೆ ತಲುಪಲಿಲ್ಲ. ಯಾರಿಗೆ ಬೇಡವಾಗಿತ್ತೋ ಅವರಿಗೆ ಮೂರು ವಾರ ಪುಕ್ಕಟೆ ಸಿಕ್ಕಿತು.

"ಈಗ ತೆಗೆದ್ರೆ ಹೂ ಬತ್ತಾ?" ಎಂದು ಕೇಳಿದೆ.

"ಬಪ್ಪುದ್ ಬತ್ತ್ ಟೀಚರ್. ಆದ್ರೆ ಅಷ್ಟೊತ್ತಿಗೆ ನೆಲದ ಪಸೆ ಆರ್ತ್. ನೀರ್ ಹೊತ್ತ್ ಹಾಕುಕೆ ಬೇಕ್."

ಅದೇ ದಿನ ರಮೇಶ ಬಂದು ಲೈಟು ಬಿಚ್ಚಿದ. "ಆಟ ಮುಗೀತಾ ಟೀಚ್ರೆ?" ಎಂದು ಕೇಳಿದ. ಮುಗಿಯಿತು ಎಂದೆ.

ಆ ಸಂಜೆಯಿಂದ ನಾನು ಕೊಡಪಾನ ಹಿಡಿದೆ. ಕೆರೆಯಿಂದ ಗದ್ದೆಗೆ, ಗದ್ದೆಯಿಂದ ಕೆರೆಗೆ. ನಮ್ಮವರು ಎರಡು ಕೈಯಲ್ಲಿ ಎರಡು ಕೊಡ, ನಾನು ಸೊಂಟದಲ್ಲಿ ಒಂದು. ಮೊದಲ ದಿನ ಅವರು "ನೀ ಬ್ಯಾಡ, ಬಿದ್ದ್ ಕಾಲ್ ಮುರ್ಕಂತೆ" ಎಂದರು. ನಾನು ಕೇಳಲಿಲ್ಲ. ಬೀಳಲೂ ಇಲ್ಲ, ಒಂದೇ ಸಲ ಬಿಟ್ಟು. ಮೂವತ್ತೊಂದು ವರ್ಷ ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತಿ ಹೋದವಳಿಗೆ ಆ ಗದ್ದೆಗೆ ಎಷ್ಟು ಕೊಡ ನೀರು ಹಿಡಿಯುತ್ತದೆಂದು ಗೊತ್ತಿರಲಿಲ್ಲ. ಸತ್ತ ಅತ್ತೆಯ ಮುಖ ದಿನವೂ ಕಣ್ಣೆದುರು ಬರುತ್ತಿತ್ತು. ಅವರು ಬದುಕಿದ್ದಾಗ ನಾನು ಇಷ್ಟು ಸಲ ಅವರನ್ನು ನೆನೆದವಳಲ್ಲ, ನಾಚಿಕೆಯಾಗುತ್ತದೆ ಹೇಳಲು.

ಈ ನಡುವೆ ಮದುವೆಗೆ ಸುಧಾಕರ ಬಂದ. ನನ್ನ ಗೇಣುದ್ದದ ಗಿಡಗಳಲ್ಲಿ ಹುಳ ಬಿಟ್ಟು ಉಳಿದ ಕೋಡುಗಳನ್ನೆಲ್ಲ ಕಿತ್ತು ಬೇಯಿಸಿದೆ. ಒಂದು ಸಣ್ಣ ಬಟ್ಟಲು ತುಂಬಲಿಲ್ಲ. ತಟ್ಟೆಗೆ ಹಾಕಿದರೆ ತಟ್ಟೆಯ ಹೂವಿನ ಚಿತ್ರವೇ ಎದ್ದು ಕಾಣುತ್ತಿತ್ತು. ಅವನು ಒಂದು ಕೋಡು ಎಳೆದ, ಎರಡು ಎಳೆದ, ಕಣ್ಣು ಮುಚ್ಚಿ ಜಗಿದ.

"ರುಚಿ ಒಂದ್ ನಂಬರ್ ಅಕ್ಕಾ. ಫಾರಿನ್ನಿಂದ ಬಪ್ಪುದಕ್ಕಿಂತ ಲಾಯ್ಕಿತ್ತ್."

"ಹಾಂಗಾರೆ ಬಪ್ಪ ವರ್ಷ?"

ಅವನು ತಟ್ಟೆ ನೋಡಿದ. "ನಮ್ಮ ಹೋಟ್ಲಿಗೆ ದಿನಕ್ಕೆ ಒಬ್ಬನೇ ಗಿರಾಕಿ ಬಪ್ಪುದಲ್ಲ ಕಾಣ್," ಎಂದು ಮೆತ್ತಗೆ ಹೇಳಿ, ನನ್ನ ಬೆನ್ನು ತಟ್ಟಿ, ಮದುವೆಯೂಟಕ್ಕೆ ಹೊರಟ. ಹೊಟ್ಟೆ ತುಂಬ ಊಟ ಅಲ್ಲಿಯಾದರೂ ಸಿಕ್ಕಿರಬೇಕು.

ಉದ್ದು ಫೆಬ್ರವರಿಯಲ್ಲಿ ಹೂ ಬಿಟ್ಟಿತು. ಅರ್ಧ ಹೂ ಬಿಸಿಲಿಗೆ ಉದುರಿತು. ಉಳಿದದ್ದು ಕೋಡಾಗಿ, ಒಣಗಿ ಕಪ್ಪಾದಾಗ ಮಾರ್ಚ್ ಮುಗಿಯುತ್ತ ಬಂದಿತ್ತು. ಗಿಡ ಕಿತ್ತು ಅಂಗಳದಲ್ಲಿ ಹರವಿ, ಬಡಿದು, ಗೆರಸೆಯಲ್ಲಿ ಕೇರಿದರೆ ಸಿಕ್ಕಿದ್ದು ಒಂದು ಸೇರು. ಉಳಿದ ವರ್ಷಗಳಲ್ಲಿ ನಮ್ಮ ಮನೆಗೂ ಇಬ್ಬರು ನಾದಿನಿಯರ ಮನೆಗೂ ಸಾಲುವಷ್ಟು ಆಗುತ್ತಿತ್ತು. ನಮ್ಮವರು ಕಾಳನ್ನು ಅಂಗೈಯಲ್ಲಿ ಹಾಕಿ ಉರುಳಿಸಿ ಉರುಳಿಸಿ ನೋಡಿದರು. ಒಂದನ್ನು ಹಲ್ಲಿನಲ್ಲಿ ಕಚ್ಚಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಪರೀಕ್ಷೆಯ ರಿಸಲ್ಟಿಗೆ ನಿಂತವಳ ಹಾಗೆ.

"ಬೀಜಕ್ಕೆ ಅಡ್ಡಿಲ್ಲೆ," ಎಂದರು.

ಒಳಗೆ ಹೋಗಿ ಸ್ವಲ್ಪ ಅತ್ತೆ. ಆಮೇಲೆ ಮುಖ ತೊಳೆದು ಬಂದೆ.

ಒಂದು ಕಾಳೂ ರುಬ್ಬುಕಲ್ಲಿಗೆ ಹೋಗಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಅಂಗಡಿ ಉದ್ದಿನ ದೋಸೆ. ಅದನ್ನು ನಮ್ಮವರು ಒಂದು ಮಾತೂ ಆಡದೆ ತಿಂದರು. ಬೈದಿದ್ದರೆ ಚೆನ್ನಾಗಿತ್ತು. ಮಡಕೆ ತುಂಬುವಷ್ಟಿಲ್ಲದ ಬೀಜವನ್ನು ಬೂದಿ ಬೆರೆಸಿ ಒಂದು ಗಾಜಿನ ಬಾಟಲಿಗೆ ತುಂಬಿದರು. ಮುಚ್ಚಳ ಬಿಗಿದು, ಅಟ್ಟಕ್ಕೆ ಇಡುವ ಮೊದಲು ನನ್ನನ್ನು ಕರೆದರು.

"ಹ್ವಾಯ್, ಒಂದ್ ಚೀಟಿ ಅಂಟ್ಸ್. ಬಾಟ್ಲಿ ಕಂಡ್ ಯಾರಾದ್ರೂ ಒಳ್ಳೆಮೆಣಸ್ ಅಂದ್ಕಂಬುಕಾಗ." ಒಳ್ಳೆಮೆಣಸು ಎಂದರೆ ನಮ್ಮ ಕಡೆ ಕಾಳುಮೆಣಸು.

ಇದು ಒಳ್ಳೆಯ ಸಮಯ ಎನಿಸಿತು. "ಬಪ್ಪ ವರ್ಷ ನಾನೂ ಗದ್ದೆ ಕೆಲ್ಸಕ್ಕೆ ಬರ್ಲಾ?" ಎಂದು ಕೇಳಿದೆ.

ನಮ್ಮವರು ಬಾಟಲಿ ನೋಡಿದರು, ನನ್ನನ್ನು ನೋಡಿದರು.

"ನೀ ಚೀಟಿ ಬರೆ," ಎಂದರು.

ಬರೆದೆ. ದುಂಡಗೆ, ಗೆರೆ ಎಳೆದು, ಕಪ್ಪು ಶಾಯಿಯಲ್ಲಿ: ಉದ್ದು. ಕೃಷಿ ಕ್ಷೇತ್ರಕ್ಕೆ ನನ್ನ ಒಟ್ಟು ಕೊಡುಗೆ ಎರಡು ಅಕ್ಷರ. ಅದರಲ್ಲಿ ಒಂದು ಒತ್ತಕ್ಷರ.